ಗಾರ್‌ಸ್ಟಾಂಗ್ ಸಾಹೇಬರ ಸಲಹೆ

ರಸ್ಸೆಲ್ ಆ್ಯಷ್‌ಬರ್ನರ್‌ಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು. ಕ್ಲೈವ್ ಟೈಸನ್‌ಗೆ ಸಹಿಸಲಾಗದೆ ಹೋದದ್ದು ಅದೊಂದು.

ಇಬ್ಬರೂ ಇಂಗ್ಲೆಂಡಿನ ಬ್ಯಾರೋ ಊರಿನ ಹಡಗುಕಟ್ಟೆಯಲ್ಲಿ ಗುತ್ತಿಗೆಯ ಮೇಲೆ ಕೊಳವೆಗಳ ನಕ್ಷೆ ಬರೆಯುವವರು. ವರ್ಷಗಳ ಹಿಂದೆ ಒಂದು ಹೋಟೆಲಿನ ಸಭಾಂಗಣದಲ್ಲಿ, ನುಣುಪು ಮಾತಿನ ಒಬ್ಬ ಮನುಷ್ಯ ಗುತ್ತಿಗೆಯವರಿಗೆಲ್ಲ ಬಿಸ್ಕತ್ತು ಹಂಚುತ್ತಾ ಒಂದು ದಾರಿ ತೋರಿಸಿದ್ದ. ದುಡಿಮೆಯ ಹಣವನ್ನು ಸಂಬಳವೆಂದು ತೆಗೆದುಕೊಂಡರೆ ತೆರಿಗೆ. ಸಾಲವೆಂದು ತೆಗೆದುಕೊಂಡರೆ ಇಲ್ಲ. ಆ ಸಾಲವನ್ನು ಯಾರೂ ಯಾವತ್ತೂ ವಾಪಸು ಕೇಳುವುದಿಲ್ಲ. ಕ್ಲೈವ್ ಅವತ್ತೇ ಸಹಿ ಹಾಕಿದ. ರಸ್ಸೆಲ್ ಅವನನ್ನು ನೋಡಿ ಹಾಕಿದ. ಆಮೇಲೆ ತೆರಿಗೆ ಇಲಾಖೆ, ಅದು ಸಾಲವಲ್ಲ, ಸಂಬಳವೇ, ಅಷ್ಟೂ ವರ್ಷಗಳ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಿ ಎಂದಿತು. ನೋಟೀಸು ಇಬ್ಬರಿಗೂ ಒಂದೇ ವಾರ ಬಂತು.

ಕ್ಲೈವ್‌ನ ಕೂದಲು ಉದುರಿತು. ಹೊಟ್ಟೆಯಲ್ಲಿ ಹುಣ್ಣಾಯಿತು. ರಸ್ಸೆಲ್ ಮಾತ್ರ ಮೊದಲಿನಂತೆಯೇ ಶಿಳ್ಳೆ ಹಾಕುತ್ತಾ ಬಂದು ಕೋಟು ನೇತುಹಾಕುತ್ತಿದ್ದ. ನೋಟೀಸಿನ ಬಗ್ಗೆ ಒಂದು ಮಾತಿಲ್ಲ. ಆ ಮೌನವನ್ನು ಕ್ಲೈವ್ ಎಷ್ಟೋ ದಿನ ತಿರುವಿ ಮುರುವಿ ನೋಡಿದ. ಮೊದಲು ಅದು ಭಯ ಅನ್ನಿಸಿತು, ಆಮೇಲೆ ದಡ್ಡತನ, ಕೊನೆಗೆ, ಕಣ್ಣು ಮುಚ್ಚಿಕೊಂಡರೆ ಕಷ್ಟ ತಾನಾಗಿ ಹೋಗುತ್ತದೆ ಎಂದು ನಂಬುವ ಸೋಮಾರಿಯ ಸುಖ. ಆ ಸುಖ ತನಗೇಕಿಲ್ಲ ಎಂದು ಅವನು ರಾತ್ರಿಯೆಲ್ಲ ಹೊರಳಾಡಿದ.

ಜೊತೆಗೆ ಗ್ಲೆನಿಸ್ ಇದ್ದಳು. ಕ್ಲೈವ್‌ನ ಹೆಂಡತಿ, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಒಂಟಿ ಮನುಷ್ಯ ರಸ್ಸೆಲ್ ಭಾನುವಾರ ಭಾನುವಾರ ತಾನು ಬಾಡಿಗೆಗೆ ಹಿಡಿದ ತುಂಡುನೆಲದಲ್ಲಿ ಬೆಳೆದದ್ದೇನಾದರೂ ಹಿಡಿದು ಬರುತ್ತಿದ್ದ. ಅವನು ಬಾಗಿಲಲ್ಲಿ ನಿಂತು ಏನೋ ಅನ್ನುವುದು, ಇವಳು ಬಾಯಿಗೆ ಏಪ್ರನ್ ಒತ್ತಿಕೊಂಡು ನಗುವುದು. ಮದುವೆಯಾದ ಹೊಸದರಲ್ಲಿ ಆ ನಗು ತನಗೂ ಸಿಕ್ಕಿತ್ತೇ ಎಂದು ಕ್ಲೈವ್ ನೆನಪು ಮಾಡಿಕೊಳ್ಳಲು ನೋಡಿದ. ಸಿಕ್ಕಿರಬೇಕು. ಖಾತ್ರಿಯಾಗಲಿಲ್ಲ.

ತನ್ನ ವ್ಯಾಜ್ಯಕ್ಕೆ ಕ್ಲೈವ್ ಮ್ಯಾಂಚೆಸ್ಟರಿನ ಸಲಹೆಗಾರ್ತಿಯೊಬ್ಬಳನ್ನು ಹಿಡಿದಿದ್ದ. ಗಂಟೆಯ ಲೆಕ್ಕದಲ್ಲಿ ಫೀಸು. ಫೋನಿನಲ್ಲಿ ಅವಳು ಕೆಮ್ಮಿದರೂ ಅದಕ್ಕೊಂದು ಬಿಲ್ಲು ಬರುತ್ತಿತ್ತು. ಆದರೆ ಕೆಲಸ ಮಾಡಿಕೊಟ್ಟಳು. ಹತ್ತು ವರ್ಷ ಕಂತಿನಲ್ಲಿ ಕಟ್ಟಬಹುದು, ಮನೆ ಉಳಿಯುತ್ತದೆ. ಮೇ ಮುಗಿಯುವುದರೊಳಗೆ ಸಹಿ ಹಾಕಿದ ಒಪ್ಪಿಗೆ ಇಲಾಖೆ ಕೈಸೇರಬೇಕು, ತಪ್ಪಿದರೆ ಪೂರ್ತಿ ಹಣ ಒಟ್ಟಿಗೆ, ಮನೆ ಮಾರಿಯಾದರೂ. ಷರತ್ತುಗಳು ಬಂದ ದಿನವೇ ಕ್ಲೈವ್ ಅವಳನ್ನು ಬಿಟ್ಟ. ಒಂದು ಲಕೋಟೆ ಅಂಚೆಗೆ ಹಾಕಲು ಅವಳಿಗೆ ಒಂದು ಗಂಟೆಯ ದುಡ್ಡು ಯಾಕೆ? ತಾನೇ ಸಹಿ ಹಾಕಿ, ಅಂಟಿಸಿ, ಶಾಲೆಯ ದಾರಿಯಲ್ಲಿ ಡಬ್ಬಕ್ಕೆ ಹಾಕು ಎಂದು ಗ್ಲೆನಿಸ್ ಕೈಗೆ ಕೊಟ್ಟ.

ಅಲ್ಲಿಗೆ ಅವನ ಕಷ್ಟ ಮುಗಿಯಿತು. ಆದರೆ ನಿದ್ದೆ ಬರಲಿಲ್ಲ. ತಾನು ಉಳಿದದ್ದರಿಂದ ಸುಖವಿಲ್ಲ, ರಸ್ಸೆಲ್ ಮುಳುಗಬೇಕು ಎಂಬುದು ಆಗ ಅವನಿಗೆ ತಿಳಿಯಿತು. ತಿಳಿದ ಮೇಲೆ ಮನಸ್ಸು ವಿಚಿತ್ರವಾಗಿ ಹಗುರವಾಯಿತು.

ಈ ದೇಶದಲ್ಲಿ ಯಾರು ಬೇಕಾದರೂ ತೆರಿಗೆ ಸಲಹೆಗಾರ ಎಂದು ಫಲಕ ಹಾಕಿಕೊಳ್ಳಬಹುದು; ಪರವಾನಗಿ ಕೇಳುವವರಿಲ್ಲ. ಎಡ್ವಿನ್ ಗಾರ್‌ಸ್ಟಾಂಗ್ ಹುಟ್ಟಿದ್ದು ಹಾಗೆ. ಲ್ಯಾಂಕಾಸ್ಟರಿನಲ್ಲಿ ಬಾಡಿಗೆಯ ಅಂಚೆಪೆಟ್ಟಿಗೆ, ಒಂದು ಇಮೇಲ್ ವಿಳಾಸ. ರಸ್ಸೆಲ್ ತನ್ನ ದನಿ ಗುರುತಿಸುತ್ತಾನಲ್ಲ, ಅದಕ್ಕೆ ಗಾರ್‌ಸ್ಟಾಂಗ್‌ಗೆ ಕಿವಿ ಮಂದ ಮಾಡಿದ: ‘ಏನಿದ್ದರೂ ಬರಹದಲ್ಲಿ ತಿಳಿಸಿ.’ ಬ್ಯಾಂಕು ಖಾತೆ ಗುರುತು ಉಳಿಸುತ್ತದೆ, ಅದಕ್ಕೆ ಅವನನ್ನು ನಗದು ಮಾತ್ರ ಮುಟ್ಟುವ ಹಳೆಯ ಕಾಲದವನನ್ನಾಗಿ ಮಾಡಿದ. ಇಮೇಲುಗಳನ್ನು ಬರೆಯುತ್ತಿದ್ದದ್ದು ಕೆಂಡಲ್‌ನ ಗ್ರಂಥಾಲಯದಲ್ಲಿ ಕೂತು.

ಹೆಚ್ಚು ಯೋಚಿಸಬೇಕಾದದ್ದು ಫೀಸಿನ ಬಗ್ಗೆ. ಊರಿನಲ್ಲಿ ಒಬ್ಬರು ಉಳಿತಾಯದಲ್ಲಿ ಪಾಲು ಕೇಳುತ್ತಿದ್ದರು, ಇನ್ನೊಬ್ಬರು ಗಂಟೆಯ ಲೆಕ್ಕ, ಮತ್ತೊಬ್ಬರು ಇಡಿಯಾಗಿ ಇಂತಿಷ್ಟು. ತೀರಾ ಕಡಿಮೆಯೆಂದರೆ ರಸ್ಸೆಲ್ ಅನುಮಾನಿಸುತ್ತಾನೆ, ಜಾಸ್ತಿಯೆಂದರೆ ಓಡುತ್ತಾನೆ. ಬೀಜದ ಪೊಟ್ಟಣ ಕೊಳ್ಳುವಾಗಲೂ ಮೂರು ಅಂಗಡಿ ತಿರುಗುವ ಪ್ರಾಣಿ ಅದು. ಎಲ್ಲವನ್ನೂ ತೂಗಿ ಕ್ಲೈವ್ ನಾನೂರು ಪೌಂಡಿಗೆ ನಿಂತ. ಒಂದೇ ಸಲ, ಮೇಲೆ ಏನೂ ಇಲ್ಲ. ಕೊಡುವಾಗ ಸ್ವಲ್ಪ ನೋಯಬೇಕು. ನೋಯದ ಸಲಹೆಯನ್ನು ಯಾರೂ ನಂಬುವುದಿಲ್ಲ.

ಗಾಳ ಹಾಕಿದ್ದು ಏಪ್ರಿಲ್‌ನ ಒಂದು ಭಾನುವಾರ. ರಸ್ಸೆಲ್ ಒಂದು ಕಂತೆ ರೂಬಾರ್ಬ್ ಹುಳಿದಂಟು ತಂದಿದ್ದ. ಗ್ಲೆನಿಸ್ ಅದನ್ನು ಬೇಯಿಸಿ ಮೇಲೆ ಹಿಟ್ಟು ಸಕ್ಕರೆ ಉದುರಿಸಿ ಸುಟ್ಟು ತಂದಿಟ್ಟಳು.

“ಇದನ್ನ ತಿಂದರೆ ಮನುಷ್ಯ ಇನ್ನೊಂದು ಮದುವೆ ಆಗಬೇಕು ಅನ್ನಿಸುತ್ತೆ, ತಾಯಿ,” ಎಂದ ರಸ್ಸೆಲ್.

“ಮೊದಲನೇದೇ ಆಗಿಲ್ಲ, ಇನ್ನೊಂದಂತೆ! ಮುಚ್ಕೊಂಡು ತಿನ್ನೋ,” ಎಂದು ಗ್ಲೆನಿಸ್ ನಕ್ಕಳು.

ಕ್ಲೈವ್ ನಗು ಮುಗಿಯುವವರೆಗೆ ಕಾದ. “ನನ್ನ ಹಣೆಬರಹ ನೋಡು ಮಾರಾಯ,” ಎಂದ. “ಆ ಮ್ಯಾಂಚೆಸ್ಟರ್ ಹೆಂಗಸಿಗೆ ಅಷ್ಟು ಸುರಿದೆ. ಈಗ ಗೊತ್ತಾಗ್ತಿದೆ, ಲ್ಯಾಂಕಾಸ್ಟರಲ್ಲಿ ಗಾರ್‌ಸ್ಟಾಂಗ್ ಅಂತ ಒಬ್ಬ ಇದ್ದಾನಂತೆ. ಹುಲಿ. ಅವನ ಕಡೆಯೋರು ಯಾರೂ ಒಂದು ಪೆನ್ನಿ ಕಟ್ಟಿಲ್ಲ. ಬರೀ ನಾನೂರು. ಮೊದಲೇ ಗೊತ್ತಿದ್ದಿದ್ದರೆ ನಾನು ಈ ಕಂತಿಗೆ ಕೊರಳು ಕೊಡ್ತಿದ್ನಾ?”

ರಸ್ಸೆಲ್ ಚಮಚ ಕೆಳಗಿಟ್ಟ. ಗ್ಲೆನಿಸ್ ಟೀ ಬಗ್ಗಿಸುತ್ತಿದ್ದವಳು ಕೆಟಲ್ ಹಾಗೇ ಹಿಡಿದಿದ್ದಳು.

“ನಂಬಬಹುದಾ ಅವನನ್ನ?” ಎಂದ ರಸ್ಸೆಲ್.

“ನನ್ನ ಮನೇನೇ ಅವನ ಕೈಗೆ ಕೊಡ್ತಿದ್ದೆ ಕಣಯ್ಯಾ.”

“ನೀನು ಅಂದ ಮೇಲೆ ಸರಿ. ಈ ವಿಷಯದಲ್ಲಿ ನಿನಗಿರೋ ತಲೆ ನನಗೆಲ್ಲಿದೆ?”

ಆ ವಾರವೇ ಗಾರ್‌ಸ್ಟಾಂಗ್‌ಗೆ ರಸ್ಸೆಲ್ ಬರೆದ. ಹಿಂದೆಯೇ ಲ್ಯಾಂಕಾಸ್ಟರಿನ ಪೆಟ್ಟಿಗೆಗೆ ನಗದು ಬಂತು. ಚೆನ್ನಾಗಿ ಮಡಿಸಿದ ನೋಟುಗಳು. ಕ್ಲೈವ್ ಆ ಹಣದಲ್ಲಿ ಗ್ಲೆನಿಸ್‌ಗೆ ಒಂದು ಸುಗಂಧದ ಸೀಸೆ ಕೊಂಡ. ಅವಳು ಅದನ್ನು ಕತ್ತಿಗೆ ಹಚ್ಚಿಕೊಳ್ಳುವಾಗೆಲ್ಲ, ಇದು ಅವನ ದುಡ್ಡು, ಮೂಸುವವನು ನಾನು ಎಂದುಕೊಂಡ. ಅಷ್ಟು ಸಂತೋಷ ಅವನಿಗೆ ಎಷ್ಟೋ ವರ್ಷಗಳಿಂದ ಸಿಕ್ಕಿರಲಿಲ್ಲ.

ಎರಡನೆಯ ಇಮೇಲ್ ಮಾತ್ರ ಅವನನ್ನು ಚುಚ್ಚಿತು. ‘ಒಬ್ಬ ಪರಿಚಯದವರ ವಿಷಯ, ಸಾರ್. ಹತ್ತು ವರ್ಷದ ಕಂತಿನ ಷರತ್ತು ಬಂದಿದೆ. ಸಹಿ ಆಗಿದೆ, ಇನ್ನೂ ಕಳಿಸಿಲ್ಲ. ಕಳಿಸಬೇಕೋ ಬೇಡವೋ?’

ಪರಿಚಯದವರು! ತಮ್ಮ ಮಾನ ಕಾಪಾಡಿಕೊಳ್ಳಲು ಜನ ಯಾವಾಗಲೂ ಪರಿಚಯದವರನ್ನು ಮುಂದೆ ಮಾಡುತ್ತಾರೆ. ಹತ್ತು ವರ್ಷದ ಕಂತು! ಅಂದರೆ ತಾನು ಹೊಟ್ಟೆ ಕಟ್ಟಿ, ಹುಣ್ಣು ಮಾಡಿಕೊಂಡು ಪಡೆದದ್ದೇ ಈ ಶಿಳ್ಳೆಯವನಿಗೆ ಯಾವ ಸಲಹೆಗಾರನೂ ಇಲ್ಲದೆ ಪುಕ್ಕಟೆ ಸಿಕ್ಕಿಬಿಟ್ಟಿದೆ. ಇನ್ನು ಒಂದು ಅಂಚೆಚೀಟಿಯ ದೂರದಲ್ಲಿ ಅವನೂ ದಡ ಸೇರುತ್ತಾನೆ. ಗ್ರಂಥಾಲಯದ ಕುರ್ಚಿಯಲ್ಲಿ ಕ್ಲೈವ್‌ನ ಕಿವಿ ಬಿಸಿಯಾಯಿತು. ಮೊದಲ ಇಮೇಲಿಗೆ ಉತ್ತರ ಕೊಡಲು ಗಾರ್‌ಸ್ಟಾಂಗ್ ಎರಡು ದಿನ ತೆಗೆದುಕೊಂಡಿದ್ದ. ದೊಡ್ಡ ಮನುಷ್ಯರು ಆತುರಪಡುವುದಿಲ್ಲ. ಈ ಸಲ ಕೂಡಲೇ ಬರೆದ.

‘ಯಾವ ಕಾರಣಕ್ಕೂ ಕಳಿಸಕೂಡದು. ಸಹಿ ಹಾಕಿದ ಪ್ರತಿ ಮನೆಯಲ್ಲಿದ್ದರೂ ಅದು ತಪ್ಪೊಪ್ಪಿಗೆಯೇ. ಸುಟ್ಟುಬಿಡಿ. ಇಲಾಖೆಗೆ ಏನೂ ಬರೆಯಬೇಡಿ, ಫೋನು ಎತ್ತಬೇಡಿ. ಮೇ ಕಳೆಯಲಿ. ಗಡುವು ದಾಟಿದ ಮೇಲೆ ಅವರೇ ಕೈಬಿಡುತ್ತಾರೆ.’

ಓದಿ ನೋಡಿದ. ಒಂದೊಂದು ವಾಕ್ಯವೂ ಭದ್ರವಾಗಿತ್ತು. ನಾಳೆ ಯಾರು ಹುಡುಕಿದರೂ ಸಿಗುವುದು ಕಿವಿ ಕೇಳಿಸದ ಒಬ್ಬ ಮುದುಕ, ಅವನೂ ಇಲ್ಲ.

ಮೇ ತಿಂಗಳು ಕ್ಲೈವ್‌ಗೆ ರುಚಿಯಾಗಿ ಕಳೆಯಿತು. ಗ್ಲೆನಿಸ್ ಆಗಾಗ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು, ಅವನು ಒಳಗೆ ಬಂದರೆ ನಿಲ್ಲಿಸುತ್ತಿದ್ದಳು. ಆ ಕಡೆ ಯಾರಿದ್ದಾರೆಂದು ಅವನಿಗೆ ಗೊತ್ತಿತ್ತು. ಮೊದಲಾಗಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಈಗ, ಮಾತಾಡಿಕೊಳ್ಳಲಿ, ಮನೆಯಿಲ್ಲದವನನ್ನು ಯಾವಳು ನೋಡಿ ನಗುತ್ತಾಳೆ ನೋಡೋಣ ಎಂದು ಪೇಪರಿನ ಪುಟ ತಿರುವುತ್ತಿದ್ದ.

ಜೂನ್ ಮೊದಲ ವಾರ ಅವನು ಕೆಲಸದಿಂದ ಬಂದಾಗ ಮೇಜಿನ ಮೇಲೆ ಬಿಸಿ ಮಾಂಸದ ಪೈ ಇತ್ತು. ಗ್ಲೆನಿಸ್ ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದಳು. ಆ ಸುಗಂಧವನ್ನೂ ಹಚ್ಚಿದ್ದಳು.

“ಒಂದು ವಿಷಯ ಹೇಳಬೇಕು ಕ್ಲೈವ್. ಕೂಗಾಡಬಾರದು.”

ಅವನು ಕೂತ. ಬಿಟ್ಟು ಹೋಗುತ್ತೇನೆ ಅನ್ನುತ್ತಾಳೆ ಎಂದುಕೊಂಡ. ಅದಕ್ಕೂ ಅವನು ತಯಾರಿದ್ದ. “ರಸ್ಸೆಲ್ ವಿಷಯ ತಾನೆ?”

“ಅವನೂ ಇದ್ದಾನೆ ಅದರಲ್ಲಿ.” ಅವಳು ಕೈ ಹೊಸಕಿಕೊಂಡಳು. “ನೀನು ಅವತ್ತು ಕೊಟ್ಟ ಲಕೋಟೆ ಇನ್ನೂ ನನ್ನ ಚೀಲದಲ್ಲೇ ಇತ್ತು. ಮರೆತುಬಿಟ್ಟಿದ್ದೆ, ನಿಜ ಹೇಳ್ತೀನಿ. ಆ ಭಾನುವಾರ ನೀನು ಅಷ್ಟು ನೊಂದ್ಕೊಂಡು ಹೇಳಿದೆಯಲ್ಲ, ಗಾರ್‌ಸ್ಟಾಂಗ್ ಮೊದಲೇ ಸಿಕ್ಕಿದ್ದಿದ್ದರೆ ಅಂತ. ಸದ್ಯ, ಮರೆತದ್ದೇ ಒಳ್ಳೇದಾಯ್ತು ಅನ್ನಿಸಿತು. ನನಗೆ ಆ ಕಚೇರಿ ಭಾಷೆ ಬರಲ್ಲ, ಅದಕ್ಕೆ ರಸ್ಸೆಲ್ ಕೈಲಿ ಬರೆಸಿದೆ. ನಾನೂರು ನನ್ನದೇ, ಪ್ರವಾಸಕ್ಕೆ ಅಂತ ಕೂಡಿಟ್ಟಿದ್ದು. ನಾನಾಗಿದ್ದರೆ ಅಂಚೆಗೆ ಹಾಕ್ತಿದ್ದೆ ಅಂತ ರಸ್ಸೆಲ್ ಎರಡು ಸಲ ಅಂದ. ನಾನೇ, ಕ್ಲೈವ್ ಸುಮ್ಮನೆ ಯಾರನ್ನೂ ಹೊಗಳಲ್ಲ ಅಂತ ಸಿಂಕಿನಲ್ಲಿಟ್ಟು ಸುಟ್ಟೆ. ಹೆದರಬೇಡ. ಏನಾದರೂ ಎಡವಟ್ಟಾದರೆ ಆ ಮನುಷ್ಯ ಬರೆದದ್ದೆಲ್ಲ ಪೊಲೀಸರ ಕೈಗೆ ಕೊಡ್ತೀನಿ, ಯಾವ ಕಂಪ್ಯೂಟರಲ್ಲಿ ಕೂತು ಬರೆದ ಅಂತ ಅವರು ಹುಡುಕ್ತಾರೆ ಅಂದಿದ್ದಾನೆ ರಸ್ಸೆಲ್.”

ಪೈ ಮೇಲಿನ ಹಬೆ ಎದ್ದು ಅವರಿಬ್ಬರ ನಡುವೆ ಕರಗಿತು. ಕ್ಲೈವ್‌ಗೆ ಹಿಡಿದುಕೊಳ್ಳಲು ಇನ್ನೊಂದೇ ಎಳೆ ಉಳಿದಿತ್ತು, ಅದನ್ನೇ ಹಿಡಿದು, “ಅವನು? ರಸ್ಸೆಲ್ ತನ್ನದನ್ನೂ ಸುಟ್ಟನಾ?” ಎಂದು ಕೇಳಿದ. ತನಗೆ ತಾನೇ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದ. ಇಷ್ಟು ದಿನಗಳಲ್ಲಿ ಅವನು ರಸ್ಸೆಲ್‌ನ ವ್ಯಾಜ್ಯದ ಬಗ್ಗೆ ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಅದು. ಗ್ಲೆನಿಸ್ ಅವನಿಗೊಂದು ದೊಡ್ಡ ತುಂಡು ಬಡಿಸುತ್ತಾ, “ಅವನ ಹತ್ರ ಸುಡೋಕೆ ಏನಿದೆ?” ಎಂದಳು. “ನೋಟೀಸ್ ಬಂದ ವಾರವೇ ಕಚೇರಿಗೆ ತಾನೇ ಫೋನ್ ಮಾಡಿ, ಅಪ್ಪನಿಂದ ಬಂದ ಹಳ್ಳಿ ಮನೆ ಮಾರಿ, ಪೂರ್ತಿ ಕಟ್ಟಿ ಮುಗಿಸಿಬಿಟ್ಟನಂತೆ ಪುಣ್ಯಾತ್ಮ. ಯಾರಿಗೂ ಒಂದು ಪೆನ್ನಿ ಫೀಸು ಕೊಟ್ಟಿಲ್ಲ. ನೀನು ಮ್ಯಾಂಚೆಸ್ಟರಿಗೆ ಅಷ್ಟು ಸುರಿದಿದ್ದೀಯಲ್ಲ, ನಿನಗೆ ಬೇಜಾರಾಗುತ್ತೆ ಅಂತ ನಿನ್ನೆದುರು ಬಾಯಿ ಬಿಡಲಿಲ್ಲ.”