ಅಮಾವಾಸ್ಯೆ ದಿನ ಕೆಡದ ಮೋಡೆಮ್

ಮೋಡೆಮ್ ಸತ್ತಿತ್ತು. ಆರು ತಿಂಗಳಲ್ಲಿ ಎರಡನೆಯದು.

ಮೊಳಕಾಲ್ಮುರಿನ ನೇಕಾರ ಪೆದ್ದಣ್ಣನ ಮನೆಯ ಗೂಡಿನಲ್ಲಿ ಅದರ ನೆಟ್ಟಿನ ಹಸಿರು ದೀಪ ಎರಡು ಸಲ ಮಿಟುಕಿ ಆರಿದ್ದನ್ನು ಮೊದಲು ನೋಡಿದವಳು ಸೊಸೆ ಚೌಡೇಶ್ವರಿ. ಬೆಂಗಳೂರಿನ ಸೀರೆ ವ್ಯಾಪಾರಿ ಕಳಿಸಿದ್ದ ಹೊಸ ಅಂಚಿನ ನಕ್ಷೆ ಕಂಪ್ಯೂಟರಿನಲ್ಲಿ ಅರ್ಧ ಇಳಿದು ನಿಂತಿತ್ತು. ಅವಳ ಗಂಡ ಗೋಪಿ ಆಗಲೇ ಚಪ್ಪಲಿ ಮೆಟ್ಟಿದ್ದ — ಚಳ್ಳಕೆರೆಗೆ ಹೋಗಿ ಮೂರನೆಯದನ್ನು ತರಲು.

ಬಾಗಿಲಲ್ಲಿ ಲೈನ್‌ಮನ್ ದುರುಗಣ್ಣ ಎದುರಾದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ದೇವಸಮುದ್ರದಿಂದ ದಿನಾ ಬಸ್ಸಿಗೆ ಬಂದು, ಕಂಟ್ರಾಕ್ಟ್ ಮೇಲೆ ಕಂಬ ಹತ್ತುವವನು. ಅವನ ಜೇಬಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಸಾಹೇಬರ ಚೀಟಿ ಇತ್ತು. ಈ ಮನೆಯ ದೂರು ಇವತ್ತು ಮುಗಿಯದಿದ್ದರೆ ನಾಳೆಯಿಂದ ಬರಬೇಡ — ಅಷ್ಟೇ ಬರೆದಿತ್ತು.

"ನಿನ್ನ ಲೈನೇ ಸರಿ ಇಲ್ಲ ಕಣಲೇ," ಎಂದ ಗೋಪಿ.

"ಲೈನ್ ಸರಿ ಇಲ್ದಿದ್ರೆ ಫೋನ್ ಹೆಂಗೆ ಮಾತಾಡ್ತೈತೆ?"

"ಹಂಗಾದ್ರೆ ಮೋಡೆಮ್ಮಿಗೆ ವಯಸ್ಸಾಗೈತೆ. ಅಂಗಡಿ ರಾಜಣ್ಣನೂ ಅದೇ ಅಂದ. ಬದಲಾಯಿಸು ಅಂದ."

"ಎರಡನ್ನೂ ಮಾರಿದೋನು ಅವ್ನೇ ಅಲ್ವಾ? ಕುರಿಗೆ ವಯಸ್ಸಾತಾ ಅಂತ ಕಟುಕನ್ನ ಕೇಳ್ತೀಯಲ್ಲೋ!"

ಒಳಗೆ ಮಗ್ಗದ ಸದ್ದು ನಿಂತಿತು. ಪೆದ್ದಣ್ಣ ಕಾಲಿಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಮೇಲೆದ್ದು, ಕೈ ಒರೆಸಿಕೊಂಡು, "ಬಾರಪ್ಪ, ಕೂತ್ಕೋ," ಎಂದ. ಎರಡನೇ ಮಗ್ಗದ ಕೂಲಿಯಾಳು ಜಂಪಣ್ಣನೂ ಕೈ ಬಿಟ್ಟ. ಪೆದ್ದಣ್ಣನ ಹೆಂಡತಿ ದ್ಯಾಮಮ್ಮ ಕಿಟಕಿ ಪಕ್ಕದ ಕೆಲಸದಿಂದ ಎದ್ದು ಹಿತ್ತಾಳೆ ಚೊಂಬಿನಲ್ಲಿ ನೀರು ತಂದಿಟ್ಟಳು. ಹೊಳೆಯುವ ಚೊಂಬಿನ ಮೇಲೆ ಬೂದು ಬಣ್ಣದ ಎರಡು ಬೆರಳಚ್ಚು ಉಳಿದವು. ದುರುಗಣ್ಣ ನೀರು ಕುಡಿದ.

ಗೂಡಿನಲ್ಲಿ ಹಸಿರು ದೀಪ ಹತ್ತಿಕೊಂಡಿತು.

"ನೋಡ್ರಿ!" ಚೌಡೇಶ್ವರಿ ಕೂಗಿದಳು. "ಇವ್ನು ಬಂದ್ರೆ ಹತ್ತುತೈತೆ, ಹೋದ್ರೆ ಆರ್ತೈತೆ! ಏನಯ್ಯಾ, ಇದರ ಕೀಲಿ ನಿನ್ನ ಜೇಬಲ್ಲಿ ಐತಾ?"

ದುರುಗಣ್ಣನ ಕಿವಿ ಬಿಸಿಯಾಯಿತು. ಹತ್ತೊಂಬತ್ತು ಸಲ ಬಂದಿದ್ದ. ಹತ್ತೊಂಬತ್ತು ಸಲವೂ ಇದೇ ನಾಟಕ. ದೂರಿನ ಚೀಟಿಗಳನ್ನು ಚಾಪೆಯ ಮೇಲೆ ಹರವಿದ. ಮೊದಲನೆಯದು ಸಂಕ್ರಾಂತಿ ಆದ ವಾರದ್ದು. ಗೋಡೆಯ 2008ರ ಕ್ಯಾಲೆಂಡರ್ ಕೆಳಗಿಳಿಸಿ ಒಂದೊಂದೇ ತಾರೀಖು ಹೊಂದಿಸಿದ.

"ಅಕ್ಕಾ, ಅಮಾವಾಸ್ಯೆ ದಿನದ ದೂರು ಒಂದೂ ಇಲ್ಲ. ಯಾಕೆ?"

"ಅವತ್ತು ನೆಟ್ ಚೆನ್ನಾಗಿರ್ತೈತೆ. ನಿಂತಿದ್ದೆಲ್ಲ ಅವತ್ತೇ ಇಳಿಸ್ಕೊತೀನಿ."

"ಅವತ್ತು ಈ ಮನೇಲಿ ಏನು ನಡೆಯಲ್ಲ?"

"ಮಗ್ಗ. ಅಮಾವಾಸ್ಯೆ ನಮ್ಗೆ ರಜ."

"ವಯಸ್ಸಾದ ಮೋಡೆಮ್ ಪಂಚಾಂಗ ನೋಡ್ಕೊಂಡು ಕೆಡಲ್ಲ," ಎಂದ ದುರುಗಣ್ಣ. "ಪೆದ್ದಣ್ಣಾರೇ, ಮಗ್ಗಕ್ಕೆ ಇಳೀರಿ."

"ಮನೆಗೆ ಬಂದೋರ ಮುಂದೆ ಮಗ್ಗ ತುಳಿಯೋದಾ? ಮರ್ಯಾದೆ ಅಲ್ಲಪ್ಪ."

"ಆ ಮರ್ಯಾದೇನೇ ನನ್ನ ಹಾಳು ಮಾಡಿದ್ದು. ಇವತ್ತೊಂದಿನ ಬಿಡ್ರಿ!"

ಪೆದ್ದಣ್ಣ ಗುಂಡಿಗಿಳಿದ. ಒಂದು ಬಡಿತ. ಎರಡು. ಮೂರನೆಯದಕ್ಕೆ ದೀಪ ಆರಿತು. ನಿಲ್ಲಿಸಿದ — ತುಸು ಹೊತ್ತಿಗೆ ಹತ್ತಿತು.

ದುರುಗಣ್ಣ ವೈರಿನ ಜಾಡು ಹಿಡಿದ. ಗೋಡೆಗುಂಟ ಮೇಲೆ ಹೋಗಿ, ಮಗ್ಗದ ಮೇಲಿನ ತೊಲೆ ದಾಟಿ, ಹಳೆಯ ಬಟ್ಟೆ ಗಂಟಿನ ಹಿಂದೆ ಮರೆಯಾಗಿತ್ತು. ಗಂಟು ಸರಿಸಿದ. ವೈರನ್ನು ಯಾರೋ ಕತ್ತರಿಸಿದ್ದರು. ಮತ್ತೆ ಕೂಡಿಸಿದ್ದರು.

"ಇಲಿ ಕಡಿದಿರ್ಬೇಕು," ಎಂದ ಪೆದ್ದಣ್ಣ.

"ಇಲಿ ಕತ್ತರಿ ಹಿಡಿಯಲ್ಲ. ನೇರ ಕತ್ತರಿಸೈತೆ."

"ಜಂಪಣ್ಣನೇ!" ಗೋಪಿ ತಿರುಗಿದ. "ದಿನಕ್ಕೊಂದು ನಕ್ಷೆ ತರೋ ಈ ತಂತಿಗೆ ಬೆಂಕಿ ಬೀಳ ಅಂದೋನು ನೀನೇ ತಾನೆ?"

"ಬೆಂಕಿ ಬೀಳಲಿ ಅಂದೆ, ಹಚ್ಚಲಿಲ್ಲ," ಎಂದ ಜಂಪಣ್ಣ. "ಕತ್ತರಿಸೋನಾದ್ರೆ ಮತ್ಯಾಕೆ ಕೂಡಿಸ್ಲಿ?"

ದುರುಗಣ್ಣ ಕೂಡಿಕೆಯನ್ನು ಬೆಳಕಿಗೆ ಹಿಡಿದ. ಟೇಪಿಲ್ಲ. ಗಂಟೂ ಇಲ್ಲ. ತಾಮ್ರದ ತುದಿಗಳನ್ನು ಒಂದರ ಮೇಲೊಂದಿಟ್ಟು ಕೂದಲಿನಷ್ಟು ಸಣ್ಣಗೆ ಹೊಸೆದಿತ್ತು. ಅಂಗೈಗೆ ಬೂದು ಪುಡಿ ಉದುರಿತು. ಬೂದಿ.

"ಜಂಪಣ್ಣ, ಅಚ್ಚು ಕೆಚ್ಚಕ್ಕೆ ಬರ್ತೈತಾ ನಿಂಗೆ?"

ಮುಗಿದ ಹಾಸಿನ ಒಂದೊಂದು ಎಳೆಗೆ ಹೊಸ ಹಾಸಿನ ಎಳೆಯನ್ನು ಬೂದಿ ಬೆರಳಲ್ಲಿ ಹೊಸೆದು ಸೇರಿಸುವ ಕೆಲಸ ಅದು. ಆ ಬೀದಿಯಲ್ಲಿ ಅದನ್ನು ಕಾಣದವರಿಲ್ಲ.

"ನೇಯೋದು ನಮ್ಮದು. ಕೆಚ್ಚೋದು ಹೆಂಗಸರದು," ಎಂದ ಜಂಪಣ್ಣ.

"ನಂಗೆ ಬರಲ್ಲ," ಚೌಡೇಶ್ವರಿ ಕೇಳುವ ಮೊದಲೇ ಹೇಳಿದಳು. "ನಾನು ಮೌಸ್ ಹಿಡಿದೋಳು."

ದುರುಗಣ್ಣ ಖಾಲಿ ಚೊಂಬನ್ನು ಎತ್ತಿ ನಡುವೆ ಇಟ್ಟ. ಬೂದು ಬೆರಳಚ್ಚುಗಳು ಹಾಗೇ ಇದ್ದವು.

"ಹತ್ತೊಂಬತ್ತು ಸಲ ಈ ಚೊಂಬಲ್ಲಿ ನೀರು ಕುಡಿದೆ. ಒಂದ್ಸಲವೂ ನೋಡ್ಲಿಲ್ಲ. ಬೂದಿ ಹಾಕಿದ್ರೆ ರೇಷ್ಮೆಗೆ ಹಿಡಿತ. ತಾಮ್ರಕ್ಕೆ ಅಡ್ಡಗೋಡೆ. ಮಾತು ಹೆಂಗೋ ದಾಟ್ತೈತೆ, ನೆಟ್ ದಾಟಲ್ಲ. ಮಗ್ಗ ಬಡಿದಾಗ ತೊಲೆ ನಡುಗ್ತೈತೆ, ಕೂಡಿಕೆ ಅಲ್ಲಾಡ್ತೈತೆ. ಕತ್ತರಿಸಿದ್ದೂ ಕೂಡಿಸಿದ್ದೂ ಒಂದೇ ಕೈ — ದ್ಯಾಮಮ್ಮಾರದು."

ಪೆದ್ದಣ್ಣ ಹೆಂಡತಿಯ ಕಡೆ ತಿರುಗಿ, ನೀನೇನಾ ಎಂದು ಮನೆಮಾತು ತೆಲುಗಿನಲ್ಲಿ ಕೇಳಿದ. "ಏಮೇ, ನುವ್ವಾ?"

ಕಿಟಕಿ ಪಕ್ಕ ಬೂದಿ ಬಟ್ಟಲಿನ ಮುಂದೆ ಕೂತಿದ್ದ ದ್ಯಾಮಮ್ಮನ ಬೆರಳು ಹಿಡಿದ ಎಳೆಯನ್ನು ಮುಗಿಸಿ ನಿಂತವು.

"ಸಂಕ್ರಾಂತಿಗೆ ಬಿ.ಜಿ. ಕೆರೆ ಬಸ್ಸಲ್ಲಿ ಒಬ್ಬಾಕಿ ಪಕ್ಕ ಕೂತ್ಲು. ಉಟ್ಟಿದ್ದು ನನ್ನ ಅಂಚು. ನಮ್ಮತ್ತೆ ಕಲಿಸಿದ್ದು. ಮುಟ್ಟಿ ನೋಡ್ದೆ — ಪವರ್‌ಲೂಮು, ಹಿಂದೆ ದಾರ ಜೋತಾಡ್ತಿದ್ವು. ಸೀರೆ ಇನ್ನೂ ಮಗ್ಗದ ಮೇಲೈತೆ, ಅಂಚು ಊರೂರು ತಿರುಗ್ತೈತೆ! ಯಾವ ದಾರೀಲಿ ಹೋಯ್ತು?"

ಚೌಡೇಶ್ವರಿ ತಲೆ ತಗ್ಗಿಸಿದಳು. ಆ ಅಂಚಿನ ಫೋಟೋ ವ್ಯಾಪಾರಿಗೆ ಕಳಿಸಿದವಳು ಅವಳೇ.

"ದಾರೀನೇ ಕಡಿದೆ. ಸಂಜೆ ಇವ್ಳು ಕೂತು ಅತ್ಲು. ನೋಡಕ್ಕಾಗ್ಲಿಲ್ಲ, ಕೂಡಿಸ್ದೆ. ನಂಗೆ ಬರೋದು ಇದೊಂದೇ ಕೂಡಿಕೆ."

ದುರುಗಣ್ಣ ಆ ತುಂಡನ್ನು ತೆಗೆದು ಹೊಸ ವೈರ್ ಹಾಕಿದ. ಚೀಟಿಯ ಮೇಲೆ ಬರೆದ: ಮೋಡೆಮ್ ಚೆನ್ನಾಗಿದೆ, ಬದಲಿಸಬೇಕಿಲ್ಲ. ಮನೆಯೊಳಗಿನ ವೈರ್ ತುಂಡಾಗಿತ್ತು. ಸರಿಪಡಿಸಿದೆ.

"ಯಾರು ಕತ್ತರಿಸಿದ್ದು ಅಂತ ಬರೀಲಿಲ್ಲ?" ಎಂದ ಗೋಪಿ.

"ಆ ಕಾಲಂ ಇದ್ರಲ್ಲಿಲ್ಲ. ಸಹಿ ಹಾಕು."

ಗೋಪಿ ಚಪ್ಪಲಿ ಬಿಟ್ಟು ಸಹಿ ಹಾಕಿದ. ದುರುಗಣ್ಣನ ನಾಳೆ ಉಳಿಯಿತು.

"ನನ್ನ ಕೆಚ್ಚು ಬಿಟ್ಟಿತ್ತೇನಪ್ಪ?" ದ್ಯಾಮಮ್ಮ ಕೇಳಿದಳು.

"ಇಲ್ಲಮ್ಮ. ಎಳೆದು ನೋಡ್ದೆ. ಕಿತ್ತು ಬರ್ಲಿಲ್ಲ."

ಪೆದ್ದಣ್ಣ ಮಗ್ಗ ಬಡಿದ. ದೀಪ ಆರಲಿಲ್ಲ. ಅರ್ಧಕ್ಕೆ ನಿಂತಿದ್ದ ನಕ್ಷೆ ಗೆರೆಗೆರೆಯಾಗಿ ಇಳಿದು ತುಂಬಿಕೊಂಡಿತು. ದ್ಯಾಮಮ್ಮ ಎದ್ದು ಬಂದು, ಸೊಸೆಯ ಹೆಗಲ ಮೇಲಿಂದ ಬಗ್ಗಿ, ಬಹಳ ಹೊತ್ತು ನೋಡಿದಳು.

"ಇದು ಯಾರ ಮನೆ ಅಂಚೇ, ನಮ್ಮದು ಹೋದಂಗೆ ಬಂದಿದ್ದು?"

ಚೌಡೇಶ್ವರಿಯ ಕೈ ಮೌಸಿನ ಮೇಲೆಯೇ ನಿಂತಿತು.