ವಿಚಾರಿಸಲು ಬಂದವರು

“ನನ್ನ ಪಾಸ್‌ವರ್ಡ್ ನಿಮಗೆ ಹೇಗ್ರೀ ಗೊತ್ತಾಯ್ತು?!”

ಸೈಬರ್ ಲ್ಯಾಬಿನಲ್ಲಿ ತನ್ನೆದುರು ಬಂದು ನಿಂತ ಹನುಮೇಶನನ್ನು ಶಾಂಭವಿ ತಲೆಯೆತ್ತಿಯೂ ನೋಡಲಿಲ್ಲ. ಬಾಗಲಕೋಟೆಯಿಂದ ಚಿಕ್ಕಬಾಣಾವರದ ಈ ಕಾಲೇಜಿಗೆ ಎಂ.ಟೆಕ್ ಓದಲು ಬಂದ ಮೇಲೆ ಅವಳು ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ. ಪಕ್ಕದವರ ಪಾಸ್‌ವರ್ಡ್ ಪತ್ತೆಹಚ್ಚಿ ಎಂದು ಮೇಷ್ಟ್ರು ಅಭ್ಯಾಸ ಕೊಟ್ಟಿದ್ದರು, ಅಷ್ಟೇ.

“ನೀವೇ... ಚೀಟಿಯೊಳಗ ಬರದು ಕೀಬೋರ್ಡ್ ಕೆಳಗ ಇಟ್ಟೀರಲ್ರೀ.”

ಲ್ಯಾಬಿಗೆ ಲ್ಯಾಬೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ! ಆ ನಗು ಅವಳೆದೆಯಲ್ಲಿ ಎಲ್ಲೋ ಹೋಗಿ ಕೂತುಬಿಟ್ಟಿತು.

ಓದು ಮುಗಿಯುವ ಹೊತ್ತಿಗೆ ಇಬ್ಬರದೂ ಒಂದೇ ಕನಸಾಗಿತ್ತು: ಕೇಂದ್ರದ ತನಿಖಾ ಸಂಸ್ಥೆಯ ಸೈಬರ್ ವಿಭಾಗ.

“ವೈಟ್‌ಫೀಲ್ಡ್ ಐಟಿ ಕಂಪನಿ ಬಿಟ್ಟು ಪೊಲೀಸ್ ಕೆಲಸಾನಾ? ತಲೆ ಕೆಟ್ಟಿದ್ಯಾ ಮಗಾ?” ಎಂದು ಗೆಳೆಯರು ಕಾಲೆಳೆದರೆ, ಹನುಮೇಶ ಹೇಳುತ್ತಿದ್ದ, “ಬ್ಯಾಂಕಿಂದ ಅಂತ ಫೋನ್ ಮಾಡಿ ನಮ್ಮಜ್ಜಿಗೆ ಟೋಪಿ ಹಾಕಿದ್ರು ಗುರು. ಅಂಥೋರನ್ನ ಹಿಡಿಯೋರು ಬೇಡ್ವಾ?”

ಇಬ್ಬರೂ ಪರೀಕ್ಷೆ ಬರೆದರು. ಶಾಂಭವಿ ಆಯ್ಕೆಯಾದಳು. ಹನುಮೇಶ ಸಂದರ್ಶನದಲ್ಲಿ ಸೋತ. ಆದರೂ ಮೊದಲು ಮೈಸೂರು ಪಾಕ್ ಹಿಡಿದು ಬಂದವನು ಅವನೇ.

ಆಮೇಲೆ ಇದ್ದಕ್ಕಿದ್ದಂತೆ ಅವನು ಮಾತು ಬಿಟ್ಟ!

ಮೆಸೇಜಿಗೆ ಉತ್ತರವಿಲ್ಲ. ಅವಳ ಬೀದಿಯಲ್ಲೇ ರೂಮು ಮಾಡಿಕೊಂಡಿದ್ದರೂ, ಎದುರಾದರೆ ಪಕ್ಕದ ಗಲ್ಲಿಗೆ ತಿರುಗಿಬಿಡುತ್ತಿದ್ದ.

‘ನಾನು ಗೆದ್ದದ್ದನ್ನು ಸಹಿಸಲಾಗಲಿಲ್ಲವೇ ಅವರಿಗೆ?’

ಕೇಳಲು ನಾಲಿಗೆ ಏಳಲಿಲ್ಲ. ನೋಡನೋಡುತ್ತ ದೆಹಲಿಯ ತರಬೇತಿಗೆ ಹೊರಡುವ ಹಿಂದಿನ ದಿನ ಬಂತು. ‘ನಾಳೆ ಹೀಗೇ ಹೋಗಿಬಿಟ್ಟರೆ... ಮುಗಿಯಿತು.’

ಬಟ್ಟೆ ಮಡಚುತ್ತಿದ್ದವಳ ಬಾಗಿಲಿಗೆ ಮನೆ ಓನರ್ ಭದ್ರಮ್ಮ ಬಂದು ನಿಂತರು.

“ಏನವ್ವಾ, ಮದ್ವೆ ಯಾವಾಗ? ಬಾಯೇ ಬಿಡಾಕಿಲ್ವಲ್ಲ!”

“ಯಾರ ಮದವಿ ಅಮ್ಮಾ?”

“ನಿಂದೇಯಾ! ಅವತ್ತು ಗಂಡಿನ ಕಡೇರು ಬಂದಿದ್ರಲ್ಲ... ಉಡುಗಿ ಎಂಗೆ, ಯಾರ್ಯಾರು ಬಂದು ಓಗ್ತಾರೆ, ಗಲಾಟೆ ಗಿಲಾಟೆ ಏನಾರಾ ಐತಾ ಅಂತ ಇಚಾರ್ಸಿದ್ರು. ಬೀದಿಗೆಲ್ಲ ನಾನೇ ಏಳಿದ್ದು!”

ಶಾಂಭವಿಯ ಕೈ ನಿಂತಿತು. ಕೆಲಸಕ್ಕೆ ತೆಗೆದುಕೊಳ್ಳುವ ಮುನ್ನ ಮಫ್ತಿಯಲ್ಲಿ ಬಂದು ನೆರೆಹೊರೆಯಲ್ಲಿ ವಿಚಾರಿಸುತ್ತಾರೆ...

“ಅಯ್ಯೋ ಅಮ್ಮಾ, ಅವ್ರು ಪೊಲೀಸ್ರು! ನೌಕರಿ ಸಲುವಾಗಿ ಕೇಳಾಕ ಬಂದಿದ್ರು!”

“ಪೊಲೀಸ್ರಾ? ಒಬ್ಬಟ್ಟು ಬೇರೆ ತಿನ್ಸಿ ಕಳಿಸಿದ್ನಲ್ಲೇ!” ಭದ್ರಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. “ಪಾಪ ಕಣವ್ವಾ, ಗಂಡಿನ ಕಡೇರು ಅಂತ ನಾನು ಏಳಿದ್ಮೇಲೆ ಆ ಅನುಮೇಸನ್ನೂ ಕೇಳಿದ್ರು. ‘ಮಾತು ಕಮ್ಮಿ, ಸುಳ್ಳು ಗೊತ್ತೇ ಇಲ್ಲ. ಅವಳು ಸಿಕ್ಕೋರು ಪುಣ್ಯ ಮಾಡಿರ್ಬೇಕು’ ಅಂದ. ಅಂದೋನು ಅಂಗೇ ಮುಖ ತಿರುಗ್ಸಿ ಕಣ್ಣೊರೆಸ್ಕಂಡ.”

ಶಾಂಭವಿ ಚಪ್ಪಲಿ ಮೆಟ್ಟಿ ರೈಲ್ವೆ ಸ್ಟೇಷನ್ನಿಗೆ ಓಡಿದಳು. ವೈಟ್‌ಫೀಲ್ಡಿನ ಕಂಪನಿ ಸೇರಿದ್ದ ಹನುಮೇಶ ಸಂಜೆಯ ರೈಲು ಇಳಿಯುವ ಹೊತ್ತು ಅದು. ಈ ಸಲ ಅವನಿಗೆ ತಿರುಗಲು ಗಲ್ಲಿ ಇರಲಿಲ್ಲ!

“ಗಂಡಿನ ಕಡೇರಿಗೆ ನನ್ನ ಬಗ್ಗೆ ಏನ್ ಹೇಳಿದ್ರಿ?”

ಅವನು ಬೆಚ್ಚಿದ. “ಇದ್ದದ್ದೇ ಹೇಳ್ದೆ ಕಣ್ರೀ... ಯಾಕೆ, ಸಂಬಂಧ ತಪ್ಪೋಯ್ತಾ?”

“ಸಂಬಂಧ ಎಲ್ಲೀದು? ಅವ್ರು ಮಫ್ತಿ ಪೊಲೀಸ್ರು!”

ಹನುಮೇಶ ಹಣೆ ಹಣೆ ಚಚ್ಚಿಕೊಂಡ. “ವೆರಿಫಿಕೇಶನ್! ನನಗೆ ಹೊಳೀಲೇ ಇಲ್ವಲ್ಲ... ಇಂಟರ್‌ವ್ಯೂನಲ್ಲಿ ನನ್ನ ಕೈಬಿಟ್ಟಿದ್ದು ಸರಿಯಾಗೇ ಇದೆ!”

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೀರೂ.

“ನೀವು ನನ್ನ ಮ್ಯಾಲೆ ಹೊಟ್ಟಿಕಿಚ್ಚು ಪಟ್ರಿ ಅನ್ಕೊಂಡಿದ್ದೆ...”

“ಪಟ್ಟೆ. ಆ ಗಂಡಿನ ಮೇಲೆ.”

ರೈಲು ಹೊರಟುಹೋಯಿತು. ಜನ ಕರಗಿದರು. ಶಾಂಭವಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಮೊದಲ ಬಾರಿಗೆ ಅವನ ಕಣ್ಣನ್ನೇ ನೋಡಿದಳು.

“ಅವರಿಗೆ ಹೇಳಿದ್ದನ್ನ... ನನಗ ಹೇಳ್ರೀ.”

“ನೀವಂದ್ರೆ ನಂಗೆ ಪ್ರಾಣ ಶಾಂಭವಿ.” ಅವನು ಹೆಗಲ ಬ್ಯಾಗನ್ನು ಕೆಳಗಿಟ್ಟ. “ಮುಂದಿನ ಸಲ ನಾನೂ ಪರೀಕ್ಷೆ ಕಟ್ತೀನಿ. ಪಾಸಾದ್ರೂ, ಆಗದಿದ್ರೂ... ನನಗೋಸ್ಕರ ಕಾಯ್ತೀರಾ?”

ಅವಳು ಅವನ ಕಿರುಬೆರಳನ್ನು ಮೆಲ್ಲಗೆ ಹಿಡಿದುಕೊಂಡಳು.

“ಇವತ್ತೇ ಅಪ್ಪಗ ಫೋನ್ ಮಾಡ್ತೀನ್ರೀ. ಆದ್ರ ನಿಮ್ಮ ಬಗ್ಗೆ ವಿಚಾರ್ಸಾಕ ಅವ್ರು ಬಂದೇ ಬರ್ತಾರ. ಯಾರನ್ನ ಕೇಳಂತ ಹೇಳ್ಲಿ?”

“ಯಾರನ್ನಾದ್ರೂ ಕೇಳ್ಲಿ... ಭದ್ರಮ್ಮನ್ನ ಮಾತ್ರ ಬೇಡ!”

“ಯಾಕ್ರೀ?”

“ಈ ಸಲ ಪೊಲೀಸ್ರು ಬಂದಿದ್ರು ಅಂತ ಬೀದಿಗೆಲ್ಲ ಸಾರಿಬಿಡ್ತಾರೆ!”