ಕೊಕ್ಕೆಯುಗುರನ ಹಸಿವು

ಎಷ್ಟೋ ತಲೆಮಾರುಗಳ ಹಿಂದಿನ ಮಾತು. ಕಗ್ಗಲ್ಲು ಎಂಬ ರಾಜ್ಯದ ಕಾಡಿನಲ್ಲಿ ಕೊಕ್ಕೆಯುಗುರ ಎಂಬ ದೈತ್ಯಮೃಗಗಳಿದ್ದವು. ಆನೆಯಷ್ಟು ದೊಡ್ಡ ಮೈ, ಒರಟು ಕೂದಲು, ಕುಡುಗೋಲಿನಂಥ ಉಗುರು. ನಡಿಗೆಯೋ, ಬಲು ನಿಧಾನ. ಇಷ್ಟುದ್ದ ಉಗುರಿರುವುದು ಮನುಷ್ಯರನ್ನಲ್ಲದೆ ಇನ್ನೇನು ತಿಂದೀತು ಎಂದು ಜನ ತೀರ್ಮಾನಿಸಿಬಿಟ್ಟಿದ್ದರು. ತಿಂದದ್ದನ್ನು ಕಂಡವರು ಮಾತ್ರ ಒಬ್ಬರೂ ಇರಲಿಲ್ಲ.

ಮೃಗಗಳಿಗೆ ಅಡಗಲು ಜಾಗ ಸಿಗಬಾರದೆಂದು ಅರಸ ಕಾಡನ್ನೆಲ್ಲ ಕಡಿಸಿದ. ಅವು ಒಂದೊಂದಾಗಿ ಸತ್ತವು. ಉಳಿದದ್ದು ಒಂದೇ. ಅದು ಗುಹೆಯಲ್ಲಿ ಕೂತು ಹಗಲೆಲ್ಲ ಗೋಳಿಡುತ್ತಿತ್ತು.

"ಅದಕ್ಕೆ ಹಸಿವು. ಅಮಾವಾಸ್ಯೆಗೊಬ್ಬರನ್ನು ಕೊಡಿ, ನಾನೇ ಮುಟ್ಟಿಸುತ್ತೇನೆ," ಎಂದ ಮಾಂತ್ರಿಕ ಧೂಮಕಂಠ. ಜನ ಒಪ್ಪಿದರು. ಹೋಗುವವರಿಗೆ ಎಣ್ಣೆಸ್ನಾನ ಮಾಡಿಸಿ, ಹಾರ ಹಾಕಿ, ಮದುವಣಿಗರಂತೆ ಕಳಿಸುವುದು ಪದ್ಧತಿಯಾಯಿತು. ಎಂಥ ಹಾಳು ಪದ್ಧತಿ! ಇತ್ತ ಮಾಂತ್ರಿಕನ ತೋಟದಲ್ಲಿ ಮಾತ್ರ ಹೊಸ ಹೊಸ ಮರಗಳು ಏಳುತ್ತಲೇ ಇದ್ದವು.

ಒಂದು ಅಮಾವಾಸ್ಯೆಗೆ ಬೊಮ್ಮಣ್ಣನ ಸರದಿ ಬಂತು. ಧೂಮಕಂಠ ಅವನನ್ನು ಕರೆದೊಯ್ದ. ಅವನ ತಂಗಿ ಕೆಂಚವ್ವನಿಗೆ ಅಣ್ಣನನ್ನು ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಮೃಗ ಇನ್ನೂ ತಿಂದಿರಲಿಕ್ಕಿಲ್ಲ, ಅಣ್ಣನ ಬದಲು ಬೇರೆ ಊಟ ಕೊಟ್ಟು ಬಿಡಿಸಿಕೊಳ್ಳೋಣವೆಂದು ಅವಳು ಮರುದಿನವೇ ಗುಹೆಗೆ ಹೋದಳು.

ಮೊದಲು ಆಡನ್ನು ಮುಂದೆ ನಿಲ್ಲಿಸಿದಳು. ಮೃಗ ಮೂಸಿ ಮುಖ ತಿರುಗಿಸಿತು. ಆಮೇಲೆ ಮೀನಿನ ಅಡುಗೆಯ ಗಡಿಗೆ ಇಟ್ಟಳು. ಮೃಗ ಉಪ್ಪಷ್ಟನ್ನು ನೆಕ್ಕಿ ಸುಮ್ಮನಾಯಿತು. ಕೊನೆಗೆ ಕೈಯಲ್ಲಿ ಉಳಿದದ್ದು ಆಡಿಗೆಂದು ತಂದ ಹರಿವೆ ಸೊಪ್ಪು. ಅದನ್ನು ಚೆಲ್ಲಿದಳು. ಮೃಗ ಉದ್ದ ನಾಲಿಗೆ ಚಾಚಿ, ಒಂದೆಲೆಯೂ ಬಿಡದೆ ತಿಂದು, ಗಳಗಳನೆ ಅತ್ತಿತು.

"ನೀನು ಸೊಪ್ಪು ತಿನ್ನೋದಾ?"

"ಸೊಪ್ಪು, ಚಿಗುರು, ಕಾಯಿ. ಕೊಂಬೆ ಬಗ್ಗಿಸೋಕೆ ತಾಯಿ ಈ ಉಗುರು. ನಮ್ಮವರೆಲ್ಲ ಹಸಿದೇ ಸತ್ತರು."

"ಮಾಂತ್ರಿಕನ ತೋಟ ಇತ್ತಲ್ಲ?"

"ಹೋಗಿದ್ದೆ. ಆ ಮರಗಳಿಗೆ ಮನುಷ್ಯರ ವಾಸನೆ. ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ."

ಅಣ್ಣ ಎಲ್ಲಿದ್ದಾನೆಂದು ಕೆಂಚವ್ವನಿಗೆ ಆಗ ಹೊಳೆಯಿತು. ಇಬ್ಬರೂ ತೋಟಕ್ಕೆ ಬಂದರು. ಧೂಮಕಂಠ ಮರಗಳ ರಸ ಹಿಂಡಿ ಕುಡಿಯುತ್ತಿದ್ದ. ಅವನಿಗೆ ಮುಪ್ಪು ಬಾರದ ಗುಟ್ಟು ಅದೇ. ತೋಟದ ನಡುವೆ ಅವನು ಹೂತಿಟ್ಟ ಮಾಯೆಯ ಬೇರು ಊರು ಕಳಿಸಿದವರನ್ನೆಲ್ಲ ಮರಗಳಾಗಿ ಕಟ್ಟಿಹಾಕಿತ್ತು.

"ಅಗೆದುಬಿಡಪ್ಪ!" ಎಂದಳು ಕೆಂಚವ್ವ.

ಮೃಗ ಹಸಿರು ಕೊಂಬೆಗಳನ್ನು ಒಮ್ಮೆ ನೋಡಿತು. "ಇವರೆಲ್ಲ ಎದ್ದರೆ ಈ ರಾಜ್ಯದಲ್ಲಿ ಒಂದು ಮರವೂ ಉಳಿಯಲ್ಲ, ತಾಯಿ."

ಅವಳಿಗೂ ಅದು ಗೊತ್ತಿತ್ತು. ಆದರೂ, "ನನ್ನಣ್ಣ ಇದ್ದಾನೆ ಅದರಲ್ಲಿ," ಎಂದಳು.

ಮೃಗ ಅಗೆಯಿತು. ಬೇರು ಕಿತ್ತು ಬಂತು. ಮಾಂತ್ರಿಕ ಕಿರುಚುತ್ತ ಬೂದಿಯಾದ. ಮರಗಳೆಲ್ಲ ಮನುಷ್ಯರಾದವು. ಬೊಮ್ಮಣ್ಣ ಓಡಿ ಬಂದು ತಂಗಿಯನ್ನು ತಬ್ಬಿದ. ತೋಟವಿದ್ದ ಜಾಗದಲ್ಲಿ ಬರೀ ಬಿಸಿಲು.

ನಾಚಿಕೆಗೊಂಡ ಜನ ಹಿತ್ತಲಿನ ಸೊಪ್ಪನ್ನೆಲ್ಲ ಹೊತ್ತು ತಂದರು. ಆ ಮೈಗೆ ಅದು ಯಾವ ಮೂಲೆಗೆ? ಗಿಡ ನೆಟ್ಟು ನೀರು ಹಾಕಿದರು. "ಚಿಗುರೋಕೆ ಇನ್ನೆಷ್ಟು ದಿನ?" ಎಂದು ಮೃಗ ದಿನಾ ಕೇಳುತ್ತಿತ್ತು. ಒಂದು ಬೆಳಿಗ್ಗೆ ಕೇಳಲಿಲ್ಲ.

ಆಮೇಲೆ ಕಗ್ಗಲ್ಲಿನಲ್ಲಿ ಎಲ್ಲರೂ ಸುಖವಾಗಿದ್ದರು. ಕೆಂಚವ್ವನೂ ಸುಖವಾಗಿದ್ದಳೆಂದೇ ಹೇಳಬೇಕು. ಅಣ್ಣ ಬದುಕಿದ್ದ, ಮನೆ ತುಂಬಿತ್ತು. ಸೊಪ್ಪಿನ ಸಾರನ್ನು ಮಾತ್ರ ಅವಳು ಎಲ್ಲರಿಗೂ ಬಡಿಸುತ್ತಿದ್ದಳು, ತಾನು ತಿನ್ನುತ್ತಿರಲಿಲ್ಲ.